ಅಂಡಾಶಯದ ಸಿಸ್ಟ್ ಮತ್ತು ಕಾರಣ ಸಿಗದ ಕೆಳಹೊಟ್ಟೆ ನೋವು: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಳಹೊಟ್ಟೆ ನೋವು ಅಂತ ಸ್ಕ್ಯಾನ್ ಮಾಡಿಸುತ್ತೇವೆ. ಒಬ್ಬರ ರಿಪೋರ್ಟಿನಲ್ಲಿ ‘ಅಂಡಾಶಯದಲ್ಲಿ ಸಿಸ್ಟ್’ ಎಂದಿರುತ್ತದೆ, ಅವರಿಗೆ ಆ ರಾತ್ರಿ ನಿದ್ದೆ ಬರುವುದಿಲ್ಲ. ಇನ್ನೊಬ್ಬರ ರಿಪೋರ್ಟಿನಲ್ಲಿ ಎಲ್ಲ ಸರಿಯಾಗಿದೆ ಎಂದಿರುತ್ತದೆ, ಆದರೆ ನೋವು ಹಾಗೇ ಇರುತ್ತದೆ. ಈ ಇಬ್ಬರೂ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ನಾನು ಡಾಕ್ಟರ್ ಅಲ್ಲ. ಈ ನೋವಿನ ಜೊತೆ ವರ್ಷಗಟ್ಟಲೆ ಬದುಕಿದವಳು. ಓದಿ, ಕೇಳಿ, ಅಲೆದು ನನಗೆ ಅರ್ಥವಾದದ್ದು ಇಷ್ಟು: ಸಿಸ್ಟ್ ಬೇರೆ, ನೋವು ಬೇರೆ. ಕೆಲವೊಮ್ಮೆ ಎರಡಕ್ಕೂ ಸಂಬಂಧ ಇರುತ್ತದೆ. ಎಷ್ಟೋ ಸಲ ಇರುವುದಿಲ್ಲ.

ಸಿಸ್ಟ್ ಅಂದರೆ ಏನು? ಗೆಡ್ಡೆಯಾ?

ನೀರು ತುಂಬಿದ ಚೀಲ ಎಂದುಕೊಳ್ಳಿ. ಗಟ್ಟಿ ಗೆಡ್ಡೆ ಅಲ್ಲ. ಅಂಡಾಶಯ ಪ್ರತಿ ತಿಂಗಳೂ ಇಂಥ ಚೀಲ ಮಾಡುತ್ತದೆ, ಅದು ಅದರ ಕೆಲಸವೇ. ಮುಟ್ಟಾದ ಮೇಲೆ ಹಲವು ಸಣ್ಣ ಕೋಶಗಳು ಬೆಳೆಯಲು ಶುರುವಾಗುತ್ತವೆ. ಅವುಗಳಲ್ಲಿ ಸಾಮಾನ್ಯವಾಗಿ ಒಂದು ಮಾತ್ರ ಮುಂದೆ ಹೋಗಿ ಸುಮಾರು 2 ಸೆಂ.ಮೀ. ಆಗುತ್ತದೆ, ಒಡೆಯುತ್ತದೆ, ಅಂಡಾಣು ಹೊರಬರುತ್ತದೆ. ಯಾವುದೋ ತಿಂಗಳು ಅದು ಒಡೆಯದೆ ಹಾಗೇ ಬೆಳೆದರೆ ಅದೇ ಸಿಸ್ಟ್.

ಹಾಗಾಗಿ ಮುಟ್ಟು ಬರುವ ವಯಸ್ಸಿನಲ್ಲಿ 2 ಸೆಂ.ಮೀ. ಇರುವ ‘ಸಿಸ್ಟ್’ ನೋಡಿ ಹೆದರಬೇಡಿ. ಅದು ಆ ತಿಂಗಳ ಅಂಡಾಣುವಿನ ಮನೆ ಅಷ್ಟೇ. 3 ಸೆಂ.ಮೀ. ದಾಟಿದ ಮೇಲೆ ಅದನ್ನು ಸಿಸ್ಟ್ ಎಂದು ಕರೆಯುವುದು ವಾಡಿಕೆ.

ಎಲ್ಲ ಸಿಸ್ಟ್‌ಗಳೂ ಒಂದೇ ತರವಾ?

ಇಲ್ಲ. ರಿಪೋರ್ಟಿನಲ್ಲಿ ಅಳತೆಗಿಂತ ಮೊದಲು ನೋಡಬೇಕಾದದ್ದು ಇದನ್ನೇ.

ಅತಿ ಸಾಮಾನ್ಯವಾದದ್ದು ಮೇಲೆ ಹೇಳಿದ, ತಿಂಗಳ ಚಕ್ರದಿಂದಲೇ ಹುಟ್ಟುವ ಸಿಸ್ಟ್. ಒಳಗೆ ತಿಳಿನೀರು, ತೆಳು ಗೋಡೆ. ರಿಪೋರ್ಟಿನಲ್ಲಿ ‘ಸಿಂಪಲ್ ಸಿಸ್ಟ್’ ಎಂದು ಬರೆದಿರುತ್ತಾರೆ. ಹೆಚ್ಚಿನವು ಎರಡು ಮೂರು ತಿಂಗಳಲ್ಲಿ ತಾವಾಗಿಯೇ ಹೋಗುತ್ತವೆ. ಅಂಡಾಣು ಹೊರಬಂದ ಮೇಲೆ ಉಳಿಯುವ ಕೋಶದಲ್ಲೂ ನೀರು ತುಂಬಬಹುದು. ಅದಕ್ಕೆ ಕಾರ್ಪಸ್ ಲೂಟಿಯಂ ಸಿಸ್ಟ್ ಎಂದು ಹೆಸರು. ಅದರೊಳಗೆ ರಕ್ತ ಸೇರಿದರೆ ‘ಹೆಮರೇಜಿಕ್ ಸಿಸ್ಟ್’. ಹೆಸರು ಕೇಳಿ ಭಯವಾಗುತ್ತದೆ, ಅಲ್ವಾ? ಆದರೆ ಇದೂ ಬಹುಪಾಲು ತಾನಾಗಿ ಕರಗುತ್ತದೆ.

ಚಾಕೊಲೇಟ್ ಸಿಸ್ಟ್ ಬೇರೆಯ ಜಾತಿ. ಗರ್ಭಕೋಶದ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆಗೆ ಎಂಡೊಮೆಟ್ರಿಯೋಸಿಸ್ ಎನ್ನುತ್ತಾರೆ. ಅದು ಅಂಡಾಶಯದಲ್ಲಿ ಬೆಳೆದಾಗ ಹಳೆಯ ರಕ್ತ ಕಂದು ಬಣ್ಣದ ಮಂದ ದ್ರವವಾಗಿ ಅಲ್ಲಿ ನಿಲ್ಲುತ್ತದೆ. ಅದಕ್ಕೇ ಈ ಹೆಸರು. ಇದು ತಾನಾಗಿ ಹೋಗುವುದು ಅಪರೂಪ.

ಡರ್ಮಾಯ್ಡ್ ಸಿಸ್ಟ್‌ನಲ್ಲಿ ಕೊಬ್ಬು, ಕೂದಲು, ಕೆಲವೊಮ್ಮೆ ಹಲ್ಲು ಕೂಡ ಇರುತ್ತದೆ. ಇದರಲ್ಲಿ ನಾಚಿಕೆಪಡುವಂಥದ್ದೂ ಇಲ್ಲ, ಯಾರ ಶಾಪವೂ ಅಲ್ಲ. ಅಂಡಾಣುವಾಗಬೇಕಿದ್ದ ಜೀವಕೋಶಕ್ಕೆ ದೇಹದ ಯಾವ ಅಂಗಾಂಶವಾಗಿ ಬೇಕಾದರೂ ಬೆಳೆಯುವ ಶಕ್ತಿ ಇರುತ್ತದೆ, ಆ ಶಕ್ತಿ ದಾರಿ ತಪ್ಪಿದಾಗ ಹೀಗಾಗುತ್ತದೆ. ನಿಧಾನವಾಗಿ ಬೆಳೆಯುತ್ತದೆ, ಬಹುತೇಕ ಯಾವಾಗಲೂ ಕ್ಯಾನ್ಸರ್ ಅಲ್ಲ. ಸಿಸ್ಟಡಿನೋಮ ಎಂಬ ಇನ್ನೊಂದು ಬಗೆ ಇದೆ. ಅದು ಹೊಟ್ಟೆ ತುಂಬುವಷ್ಟು ದೊಡ್ಡದಾಗಬಲ್ಲದು.

ಪಿಸಿಓಡಿ ಮತ್ತು ಸಿಸ್ಟ್ ಒಂದೇನಾ?

ಅಲ್ಲ. ಪಿಸಿಓಡಿ, ಪಿಸಿಓಎಸ್ ಎನ್ನುವಲ್ಲಿ ‘ಸಿಸ್ಟ್’ ಎಂಬ ಪದ ಸೇರಿಕೊಂಡು ಗೊಂದಲವಾಗಿದೆ. ಅಲ್ಲಿ ಕಾಣುವುದು 2ರಿಂದ 9 ಮಿಲಿಮೀಟರ್ ಗಾತ್ರದ, ಪೂರ್ತಿ ಬೆಳೆಯದ ಅಂಡಕೋಶಗಳು. ಅದು ಹಾರ್ಮೋನಿನ ಏರುಪೇರಿನ ತೊಂದರೆ. ಮುಟ್ಟು ತಪ್ಪುತ್ತದೆ, ಮೊಡವೆ ಬರುತ್ತದೆ, ಮುಖದಲ್ಲಿ ಕೂದಲು ಬೆಳೆಯುತ್ತದೆ. ಸಾಮಾನ್ಯವಾಗಿ ನೋವು ಕೊಡುವುದಿಲ್ಲ. ‘ಪಿಸಿಓಡಿ ಇದೆ, ಅದಕ್ಕೇ ಹೊಟ್ಟೆ ನೋವು’ ಎಂದು ಯಾರಾದರೂ ಹೇಳಿದರೆ ಅಲ್ಲಿಗೆ ನಿಲ್ಲಬೇಡಿ. ಬೇರೆ ಕಾರಣ ಹುಡುಕಲು ಕೇಳಿ.

ಯಾವ ನೋವಿಗೆ ತಕ್ಷಣ ಆಸ್ಪತ್ರೆಗೆ ಹೋಗಬೇಕು?

ಇದ್ದಕ್ಕಿದ್ದಂತೆ ಒಂದು ಪಕ್ಕದಲ್ಲಿ ತಡೆಯಲಾಗದ ನೋವು, ಜೊತೆಗೆ ವಾಂತಿ. ಇದು ಅಂಡಾಶಯ ತಿರುಚಿಕೊಂಡ ಲಕ್ಷಣ ಇರಬಹುದು. ಸಿಸ್ಟ್ ಭಾರಕ್ಕೆ ಅಂಡಾಶಯ ತನ್ನ ಬುಡದಲ್ಲೇ ಸುತ್ತಿಕೊಳ್ಳುತ್ತದೆ, ರಕ್ತ ಸಂಚಾರ ನಿಲ್ಲುತ್ತದೆ. 5 ಸೆಂ.ಮೀ.ಗಿಂತ ದೊಡ್ಡ ಸಿಸ್ಟ್ ಇದ್ದವರಲ್ಲಿ ಇದರ ಅಪಾಯ ಜಾಸ್ತಿ. ನೋವು ಬಂದು ಬಂದು ಹೋಗಲೂಬಹುದು, ಕಡಿಮೆಯಾಯಿತು ಎಂದು ಮೋಸ ಹೋಗಬೇಡಿ. ಗಂಟೆಗಳ ಲೆಕ್ಕದಲ್ಲಿ ಆಪರೇಷನ್ ಆದರೆ ಅಂಡಾಶಯ ಉಳಿಯುತ್ತದೆ. ನೋಡಲು ಕಪ್ಪುನೀಲಿಯಾಗಿದ್ದರೂ ಸುರುಳಿ ಬಿಡಿಸಿದ ಮೇಲೆ ಎಷ್ಟೋ ಅಂಡಾಶಯಗಳು ಚೇತರಿಸಿಕೊಳ್ಳುತ್ತವೆ. ಸ್ಕ್ಯಾನಿನಲ್ಲಿ ರಕ್ತ ಓಡುವುದು ಕಂಡರೂ ತಿರುಚಿಲ್ಲ ಎಂದು ಖಚಿತವಾಗಿ ಹೇಳಲು ಬರುವುದಿಲ್ಲ. ಅದಕ್ಕೇ ಇಲ್ಲಿ ಲಕ್ಷಣವೇ ಮುಖ್ಯ.

ನೋವಿನ ಜೊತೆ ತಲೆಸುತ್ತು, ಕಣ್ಣು ಕತ್ತಲೆ ಬರುವುದು, ಮೈ ತಣ್ಣಗಾಗುವುದು, ಭುಜದ ತುದಿಯಲ್ಲಿ ನೋವು ಇದ್ದರೆ ಹೊಟ್ಟೆಯೊಳಗೆ ರಕ್ತಸ್ರಾವ ಆಗುತ್ತಿರಬಹುದು. ಮುಟ್ಟು ತಪ್ಪಿದ್ದರೆ ಇನ್ನೂ ಎಚ್ಚರ ಬೇಕು, ಗರ್ಭನಾಳದಲ್ಲಿ ಬಸಿರು ಕಟ್ಟಿರುವ ಸಾಧ್ಯತೆ ಇದೆ. ಅದು ಪ್ರಾಣಕ್ಕೇ ಅಪಾಯ. ಇಂಥ ನೋವಿಗೆ ಆಸ್ಪತ್ರೆಯಲ್ಲಿ ಮೊದಲು ಪ್ರೆಗ್ನೆನ್ಸಿ ಟೆಸ್ಟ್ ಮಾಡುವುದು ಇದಕ್ಕಾಗಿ. ಅದನ್ನು ಅವಮಾನ ಎಂದುಕೊಳ್ಳದೆ ಮಾಡಿಸಿ. ಜ್ವರ, ವಾಸನೆಯ ಬಿಳಿಸೆರಗು ಜೊತೆಗಿದ್ದರೆ ಸೋಂಕು ಇರಬಹುದು, ಅದೂ ತಡಮಾಡುವಂಥದ್ದಲ್ಲ.

ಸಿಸ್ಟ್ ಒಡೆದರೆ ವಿಷವಾಗುತ್ತದೆಯಾ?

ಇಲ್ಲ. ಸಿಂಪಲ್ ಸಿಸ್ಟ್ ಒಡೆದರೆ ಚುಚ್ಚಿದಂಥ ನೋವು ಬಂದು, ಕೆಲವು ದಿನಗಳಲ್ಲಿ ಕಡಿಮೆಯಾಗುತ್ತದೆ. ನೀರನ್ನು ದೇಹವೇ ಹೀರಿಕೊಳ್ಳುತ್ತದೆ. ವ್ಯಾಯಾಮ ಮಾಡುವಾಗ, ದೈಹಿಕ ಸಂಪರ್ಕದ ಹೊತ್ತಿನಲ್ಲಿ ಒಡೆಯುವುದುಂಟು. ಮೇಲೆ ಹೇಳಿದ ರಕ್ತಸ್ರಾವದ ಲಕ್ಷಣ ಇದ್ದರೆ ಅಥವಾ ಡರ್ಮಾಯ್ಡ್ ಒಡೆದರೆ ಮಾತ್ರ ಮಾತು ಬೇರೆ, ಆಸ್ಪತ್ರೆಗೆ ಹೋಗಲೇಬೇಕು.

4 ಸೆಂ.ಮೀ. ಸಿಸ್ಟ್ ಇದೆ ಎಂದರು. ನನ್ನ ನೋವಿಗೆ ಅದೇ ಕಾರಣವಾ?

ನನಗೂ ಇದನ್ನೇ ಹೇಳಿದ್ದರು. ಬಲಭಾಗದಲ್ಲಿ 4 ಸೆಂ.ಮೀ. ಸಿಸ್ಟ್. ನೋವಿಗೆ ಒಂದು ಹೆಸರು ಸಿಕ್ಕಿತು ಎಂದು ಸಮಾಧಾನವೇ ಆಯಿತು. ಮೂರು ತಿಂಗಳ ನಂತರ ಮತ್ತೆ ಸ್ಕ್ಯಾನ್ ಮಾಡಿದಾಗ ಸಿಸ್ಟ್ ಇರಲಿಲ್ಲ. ನೋವು ಮಾತ್ರ ಕೂದಲೆಳೆಯಷ್ಟೂ ಕಡಿಮೆಯಾಗಿರಲಿಲ್ಲ.

ಸಣ್ಣ ಸಿಸ್ಟ್‌ಗಳು ಹೆಚ್ಚಾಗಿ ಯಾವ ಸದ್ದೂ ಮಾಡುವುದಿಲ್ಲ. ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಸುಮ್ನೆ ಕಣ್ಣಿಗೆ ಬೀಳುತ್ತವೆ. ಸಿಸ್ಟ್ ನೋವು ಕೊಡುವುದು ಒಡೆದಾಗ, ತಿರುಚಿದಾಗ, ಒಳಗೆ ರಕ್ತ ತುಂಬಿದಾಗ, ಅಥವಾ ದೊಡ್ಡದಾಗಿ ಅಕ್ಕಪಕ್ಕ ಒತ್ತಿದಾಗ. ಒತ್ತಿದರೆ ಕೆಳಹೊಟ್ಟೆ ಭಾರ, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು ಇವೆಲ್ಲ ಬರುತ್ತವೆ. ಚಾಕೊಲೇಟ್ ಸಿಸ್ಟ್ ಇದಕ್ಕೆ ಹೊರತು. ಅದು ಚಿಕ್ಕದಿದ್ದರೂ ಅದರ ಹಿಂದಿರುವ ಎಂಡೊಮೆಟ್ರಿಯೋಸಿಸ್ ತುಂಬಾ ನೋವು ಕೊಡಬಹುದು.

ಹಾಗಾಗಿ ನಿಮ್ಮನ್ನೇ ಕೆಲವು ಪ್ರಶ್ನೆ ಕೇಳಿಕೊಳ್ಳಿ. ಸಿಸ್ಟ್ ಇರುವ ಪಕ್ಕದಲ್ಲೇ ನೋವಿದೆಯಾ? ಸಿಸ್ಟ್ ಕಾಣುವ ಮೊದಲೂ ಇದೇ ನೋವಿತ್ತಾ? ಎರಡು ವರ್ಷದಿಂದ ಇರುವ ನೋವಿಗೆ, ಎರಡು ತಿಂಗಳು ಇದ್ದು ಹೋಗುವ ಸಿಸ್ಟ್ ಹೇಗೆ ಕಾರಣವಾದೀತು? ಸಿಸ್ಟ್ ಸಿಕ್ಕಿತು ಎಂದು ಹುಡುಕಾಟ ನಿಲ್ಲಿಸಿಬಿಡುವುದೇ ಇಲ್ಲಿ ಆಗುವ ದೊಡ್ಡ ನಷ್ಟ.

ಇನ್ನೊಂದು ಮಾತು. ಎರಡು ಮುಟ್ಟಿನ ನಡುವೆ ಒಂದು ಪಕ್ಕದಲ್ಲಿ ಕೆಲವು ಗಂಟೆಯಿಂದ ಒಂದೆರಡು ದಿನ ನೋವು ಬಂದು ಹೋದರೆ ಅದು ಅಂಡಾಣು ಬಿಡುಗಡೆಯ ನೋವು. ಸಿಸ್ಟೂ ಅಲ್ಲ, ಕಾಯಿಲೆಯೂ ಅಲ್ಲ.

‘ಕಾದು ನೋಡೋಣ’ ಎನ್ನುತ್ತಾರಲ್ಲ, ಅದು ನಿರ್ಲಕ್ಷ್ಯವಾ?

ಸಿಂಪಲ್ ಸಿಸ್ಟ್ ಇದ್ದಾಗ ಅದೇ ಸರಿಯಾದ ಚಿಕಿತ್ಸೆ. ಮುಟ್ಟು ಬರುವ ವಯಸ್ಸಿನವರಲ್ಲಿ 5 ಸೆಂ.ಮೀ.ಗಿಂತ ಚಿಕ್ಕದಾದ ಸಿಂಪಲ್ ಸಿಸ್ಟ್‌ಗೆ ಮತ್ತೆ ಸ್ಕ್ಯಾನ್ ಕೂಡ ಬೇಕಿಲ್ಲ ಎಂಬುದು ಬ್ರಿಟನ್ನಿನ ಸ್ತ್ರೀರೋಗ ತಜ್ಞರ ಸಂಸ್ಥೆಯ ಸಲಹೆ. 5ರಿಂದ 7 ಸೆಂ.ಮೀ. ಇದ್ದರೆ ವರ್ಷಕ್ಕೊಮ್ಮೆ ಸ್ಕ್ಯಾನ್. ಅದಕ್ಕಿಂತ ದೊಡ್ಡದಿದ್ದರೆ ಎಂಆರ್‌ಐ ಅಥವಾ ಆಪರೇಷನ್ ಬಗ್ಗೆ ಯೋಚಿಸುತ್ತಾರೆ. ಬೇರೆ ಕಡೆ ಲೆಕ್ಕ ಸ್ವಲ್ಪ ಆಚೀಚೆ ಇರಬಹುದು. ಮತ್ತೆ ಸ್ಕ್ಯಾನ್ ಮಾಡಿಸುವುದಾದರೆ ಮುಟ್ಟು ನಿಂತ ಕೂಡಲೇ ಮಾಡಿಸಿ. ಆಗ ಆ ತಿಂಗಳ ಹೊಸ ಕೋಶ ಇನ್ನೂ ಬೆಳೆದಿರುವುದಿಲ್ಲ, ಗೊಂದಲ ಕಡಿಮೆ.

ಆದರೆ ಕಾಯಬೇಕಿರುವುದು ಸಿಸ್ಟ್‌ಗೆ, ನೋವಿಗಲ್ಲ. ನೋವಿಗೆ ಈಗಲೇ ಏನು ಮಾಡೋಣ ಎಂದು ಕೇಳುವ ಹಕ್ಕು ನಿಮಗಿದೆ.

ಮಾತ್ರೆಯಿಂದ ಸಿಸ್ಟ್ ಕರಗುತ್ತಾ? ಮನೆಮದ್ದು?

ಗರ್ಭನಿರೋಧಕ ಮಾತ್ರೆಯಿಂದ ಇರುವ ಸಿಸ್ಟ್ ಬೇಗ ಕರಗುವುದಿಲ್ಲ. ಮಾತ್ರೆ ತೆಗೆದುಕೊಂಡವರಲ್ಲೂ ತೆಗೆದುಕೊಳ್ಳದವರಲ್ಲೂ ಅದು ಹೋಗುವ ವೇಗ ಒಂದೇ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ ಗೊತ್ತಾಗಿದೆ. ಹೊಸ ಸಿಸ್ಟ್ ಆಗದಂತೆ ತಡೆಯಲು ಮಾತ್ರೆ ಉಪಯೋಗಕ್ಕೆ ಬರುತ್ತದೆ, ಯಾಕೆಂದರೆ ಅದು ಅಂಡಾಣು ಬಿಡುಗಡೆಯನ್ನೇ ನಿಲ್ಲಿಸುತ್ತದೆ. ಕಷಾಯ, ಪಥ್ಯದಿಂದ ಡರ್ಮಾಯ್ಡ್ ಅಥವಾ ಚಾಕೊಲೇಟ್ ಸಿಸ್ಟ್ ಕರಗುವುದಿಲ್ಲ. ಕಷಾಯ ಕುಡಿದು ಸಿಸ್ಟ್ ಹೋಯಿತು ಎನ್ನುವವರು ಸುಳ್ಳು ಹೇಳುತ್ತಿಲ್ಲ. ಕುಡಿಯದಿದ್ದರೂ ಅದು ಹೋಗುತ್ತಿತ್ತು ಅಷ್ಟೇ.

ಆಪರೇಷನ್ ಮಾಡಿದರೆ ಅಂಡಾಶಯವನ್ನೇ ತೆಗೆಯುತ್ತಾರಾ? ಮುಂದೆ ಮಕ್ಕಳಾಗುತ್ತಾ?

ಸಿಸ್ಟ್ ತುಂಬಾ ದೊಡ್ಡದಿದ್ದರೆ, ಬೆಳೆಯುತ್ತಲೇ ಇದ್ದರೆ, ಒಳಗೆ ಗಟ್ಟಿ ಭಾಗ ಕಂಡರೆ ಅಥವಾ ತಿರುಚಿದರೆ ಆಪರೇಷನ್ ಬೇಕಾಗುತ್ತದೆ. ಮಕ್ಕಳಾಗುವ ವಯಸ್ಸಿನವರಲ್ಲಿ ಸಿಸ್ಟ್ ಮಾತ್ರ ಬಿಡಿಸಿ ಅಂಡಾಶಯ ಉಳಿಸುವುದು ವಾಡಿಕೆ. ಹೆಚ್ಚಾಗಿ ಸಣ್ಣ ರಂಧ್ರಗಳ ಮೂಲಕ, ಲ್ಯಾಪರೊಸ್ಕೋಪಿಯಲ್ಲಿ ಮುಗಿಯುತ್ತದೆ. ಒಂದು ಅಂಡಾಶಯ ಹೋದರೂ ಇನ್ನೊಂದರಿಂದ ಮುಟ್ಟು ಬರುತ್ತದೆ, ಬಸಿರೂ ಆಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಿಧಾನವಾಗಿ ಯೋಚಿಸಿ. ಚಾಕೊಲೇಟ್ ಸಿಸ್ಟ್ ಅಂಡಾಶಯಕ್ಕೆ ಗಟ್ಟಿಯಾಗಿ ಅಂಟಿರುತ್ತದೆ. ಅದನ್ನು ಸುಲಿಯುವಾಗ ಒಳ್ಳೆಯ ಅಂಡಕೋಶಗಳೂ ಸ್ವಲ್ಪ ಹೋಗುತ್ತವೆ. ಮಕ್ಕಳು ಬೇಕೆಂದಿದ್ದರೆ ಆಪರೇಷನ್ನಿಗೆ ಮೊದಲೇ ಹೇಳಿ. ಅಂಡಾಶಯದಲ್ಲಿ ಅಂಡಾಣು ಎಷ್ಟು ಉಳಿದಿವೆ ಎಂದು ಅಂದಾಜು ಕೊಡುವ ಎಎಂಎಚ್ ರಕ್ತ ಪರೀಕ್ಷೆ ಮಾಡಿಸಿ ಮುಂದಿನದನ್ನು ಯೋಚಿಸಬಹುದಾ ಎಂದು ಕೇಳಿ. ಎರಡೂ ಅಂಡಾಶಯಗಳಲ್ಲಿ ಇದ್ದರಂತೂ ಕೇಳಲೇಬೇಕು.

ಇದು ಕ್ಯಾನ್ಸರ್ ಆಗಿರಬಹುದಾ? ಸಿಎ-125 ಜಾಸ್ತಿ ಬಂದಿದೆ.

ಮುಟ್ಟು ಬರುವ ವಯಸ್ಸಿನಲ್ಲಿ ಬಹುಪಾಲು ಸಿಸ್ಟ್‌ಗಳು ಕ್ಯಾನ್ಸರ್ ಅಲ್ಲ. ಸಿಎ-125 ಎಂಬುದು ಅಂಡಾಶಯ ಕ್ಯಾನ್ಸರಿನ ಅನುಮಾನ ಇದ್ದಾಗ ಮಾಡಿಸುವ ರಕ್ತ ಪರೀಕ್ಷೆ, ಅದರ ಸಾಮಾನ್ಯ ಮಿತಿ 35. ಆದರೆ ಎಂಡೊಮೆಟ್ರಿಯೋಸಿಸ್, ಫೈಬ್ರಾಯ್ಡ್ (ಗರ್ಭಕೋಶದ ಗೆಡ್ಡೆ), ಸೋಂಕು, ಬಸಿರು, ಅಷ್ಟೇಕೆ ಮುಟ್ಟಿನ ದಿನಗಳಲ್ಲೂ ಅದು ಏರುತ್ತದೆ. ಮೊದಲ ಹಂತದ ಅಂಡಾಶಯ ಕ್ಯಾನ್ಸರಿನಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಮಾತ್ರ ಏರಿರುತ್ತದೆ. ಹಾಗಾಗಿ ಈ ಒಂದು ಸಂಖ್ಯೆ ಹಿಡಿದು ಅಳುವುದೂ ಬೇಡ, ನಿಶ್ಚಿಂತೆಯಾಗುವುದೂ ಬೇಡ. ಸ್ಕ್ಯಾನಿನಲ್ಲಿ ಸಿಸ್ಟ್ ಹೇಗೆ ಕಾಣುತ್ತದೆ ಎಂಬುದೇ ಹೆಚ್ಚು ಹೇಳುತ್ತದೆ. ಗಟ್ಟಿ ಭಾಗ, ಒಳಗೋಡೆಯಲ್ಲಿ ಚಾಚಿದ ಮೊಗ್ಗಿನಂಥ ಬೆಳವಣಿಗೆ, ಅದರಲ್ಲಿ ರಕ್ತದ ಹರಿವು, ಹೊಟ್ಟೆಯಲ್ಲಿ ನೀರು ಇದ್ದರೆ ತಜ್ಞರು ನೋಡಲೇಬೇಕು.

ಮುಟ್ಟು ನಿಂತವರಲ್ಲಿ ಎಚ್ಚರ ಜಾಸ್ತಿ ಬೇಕು. ಅವರಲ್ಲೂ ಸಣ್ಣ ಸಿಂಪಲ್ ಸಿಸ್ಟ್ ಸಾಮಾನ್ಯವೇ, ಆದರೆ ಪರೀಕ್ಷೆ ಬಿಡುವಂತಿಲ್ಲ. ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಕೆಳಹೊಟ್ಟೆ ನೋವು, ಪದೇ ಪದೇ ಮೂತ್ರ ಇವುಗಳಲ್ಲಿ ಯಾವುದಾದರೂ ಹೊಸದಾಗಿ ಶುರುವಾಗಿ ತಿಂಗಳಲ್ಲಿ 12ಕ್ಕಿಂತ ಹೆಚ್ಚು ದಿನ ಕಾಡಿದರೆ, ಅದರಲ್ಲೂ ವಯಸ್ಸು 50 ದಾಟಿದ್ದರೆ, ‘ಗ್ಯಾಸ್’ ಎಂದು ತಳ್ಳಿಹಾಕಬೇಡಿ. ಅಮ್ಮ, ಅಕ್ಕ-ತಂಗಿಯರಿಗೆ ಅಂಡಾಶಯ ಅಥವಾ ಸ್ತನ ಕ್ಯಾನ್ಸರ್ ಬಂದಿದ್ದರೆ ಡಾಕ್ಟರಿಗೆ ತಿಳಿಸಿ.

ಸ್ಕ್ಯಾನ್ ನಾರ್ಮಲ್. ಆದರೂ ನೋವು ಯಾಕೆ?

ಸ್ಕ್ಯಾನ್ ಆಕಾರ ತೋರಿಸುತ್ತದೆ. ನೋವನ್ನು ತೋರಿಸುವುದಿಲ್ಲ. ಇದನ್ನು ಯಾರಾದರೂ ನನಗೆ ಮೊದಲ ದಿನವೇ ಹೇಳಿದ್ದರೆ ಎಷ್ಟೋ ಕಣ್ಣೀರು ಉಳಿಯುತ್ತಿತ್ತು.

ಮೊದಲ ಅನುಮಾನ ಎಂಡೊಮೆಟ್ರಿಯೋಸಿಸ್ ಮೇಲೆ. ಮಕ್ಕಳಾಗುವ ವಯಸ್ಸಿನ ಹೆಂಗಸರಲ್ಲಿ ಸುಮಾರು 10ರಲ್ಲಿ ಒಬ್ಬರಿಗೆ ಇದು ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೊಟ್ಟೆಯ ಒಳಪೊರೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಹರಡಿದ್ದರೆ ಮಾಮೂಲಿ ಸ್ಕ್ಯಾನಿಗೆ ಕಾಣುವುದಿಲ್ಲ. ಮುಟ್ಟಿಗೆ ಒಂದೆರಡು ದಿನ ಮೊದಲೇ ನೋವು ಶುರುವಾಗುತ್ತಾ? ಮುಟ್ಟಿನ ದಿನ ಮಲ ವಿಸರ್ಜನೆಗೆ ನೋವಾಗುತ್ತಾ? ದೈಹಿಕ ಸಂಪರ್ಕದಲ್ಲಿ ಆಳದಲ್ಲಿ ನೋಯುತ್ತಾ? ಹೌದು ಎಂದಾದರೆ ಸ್ಕ್ಯಾನ್ ಏನೇ ಹೇಳಲಿ, ಈ ಹೆಸರು ಎತ್ತಿ ಕೇಳಿ. ಇದರದೇ ಬಂಧು ಅಡಿನೊಮಯೋಸಿಸ್. ಅದು ಗರ್ಭಕೋಶದ ಗೋಡೆಯೊಳಗೇ ಇರುತ್ತದೆ. ರಕ್ತಸ್ರಾವ ಜಾಸ್ತಿ, ನೋವು ಜಾಸ್ತಿ.

ಆಮೇಲೆ ನೆರೆಹೊರೆ ನೋಡಬೇಕು. ಕಿಬ್ಬೊಟ್ಟೆಯಲ್ಲಿ ಗರ್ಭಕೋಶ ಒಂದೇ ಇಲ್ಲ. ಕರುಳು ಇದೆ, ಮೂತ್ರಕೋಶ ಇದೆ. ಮಲ ವಿಸರ್ಜನೆಯ ಜೊತೆ ನೋವು ಏರಿಳಿದರೆ, ಭೇದಿ-ಮಲಬದ್ಧತೆ ಅದಲುಬದಲಾಗುತ್ತಿದ್ದರೆ ಅದು ಐಬಿಎಸ್ ಎಂಬ ಕರುಳಿನ ತೊಂದರೆ ಇರಬಹುದು. ಮೂತ್ರಕೋಶ ತುಂಬಿದಾಗ ನೋವು, ಖಾಲಿಯಾದಾಗ ಸಮಾಧಾನ, ಪರೀಕ್ಷೆಯಲ್ಲಿ ಸೋಂಕಿಲ್ಲ ಎಂದರೆ ಮೂತ್ರಕೋಶದ್ದೇ ನೋವಿನ ಕಾಯಿಲೆ ಇರಬಹುದು.

ಇನ್ನು ಸ್ನಾಯುಗಳು. ಕಿಬ್ಬೊಟ್ಟೆಯ ತಳದಲ್ಲಿ ಜೋಳಿಗೆಯ ಹಾಗೆ ಹರಡಿರುವ ಪೆಲ್ವಿಕ್ ಫ್ಲೋರ್ ಸ್ನಾಯುಗಳಿವೆ. ನೋವಿಗೆ ಹೆದರಿ ಅವು ಬಿಗಿಯುತ್ತವೆ, ಬಿಗಿದಷ್ಟೂ ನೋವು ಹೆಚ್ಚುತ್ತದೆ. ತುಂಬಾ ಹೊತ್ತು ಕೂತರೆ ನೋವು, ಸಂಪರ್ಕದ ಮರುದಿನವೂ ನೋವು, ಮೂತ್ರ ಬಿಡಲು ತಡ, ಇವು ಅದರ ಗುರುತು. ನನ್ನದು ಕೊನೆಗೆ ಇದೇ ಆಗಿತ್ತು. ಒಬ್ಬ ಡಾಕ್ಟರ್ ಬೆರಳಿಟ್ಟು ಆ ಸ್ನಾಯು ಮೆಲ್ಲಗೆ ಒತ್ತಿ ‘ಇದೇನಾ ನಿಮ್ಮ ನೋವು?’ ಎಂದು ಕೇಳಿದರು. ಹೌದು, ಅದೇ. ಆರೇಳು ಸ್ಕ್ಯಾನಿಗೆ ಸಿಗದಿದ್ದದ್ದು ಒಂದು ಬೆರಳಿಗೆ ಸಿಕ್ಕಿತು.

ಹೊಟ್ಟೆಯ ಗೋಡೆಯ ನರ ಸಿಕ್ಕಿಹಾಕಿಕೊಂಡರೂ ಹೀಗೇ ನೋಯುತ್ತದೆ. ಸಿಜೇರಿಯನ್ ಆದವರಲ್ಲಿ ಗಾಯದ ಗುರುತಿನ ಹತ್ತಿರ ಬರುವುದುಂಟು. ಅಂಗಾತ ಮಲಗಿ, ನೋವಿರುವ ಜಾಗದ ಮೇಲೆ ಬೆರಳಿಟ್ಟು, ತಲೆ ಮತ್ತು ಭುಜ ಮೇಲೆತ್ತಿ. ಆಗ ನೋವು ಹೆಚ್ಚಾದರೆ ಅದು ಒಳಗಿನ ಅಂಗದ್ದಲ್ಲ, ಹೊಟ್ಟೆಯ ಗೋಡೆಯದ್ದು ಇರಬಹುದು. ಡಾಕ್ಟರ್‌ಗಳೂ ಇದೇ ಪರೀಕ್ಷೆ ಮಾಡುತ್ತಾರೆ.

ಲ್ಯಾಪರೊಸ್ಕೋಪಿಯಲ್ಲೂ ಏನೂ ಸಿಗಲಿಲ್ಲ. ಹಾಗಾದರೆ ಇದು ಮನಸ್ಸಿನದ್ದಾ?

ಅಲ್ಲ. ದೀರ್ಘಕಾಲದ ಕೆಳಹೊಟ್ಟೆ ನೋವಿಗೆ ಮಾಡುವ ಲ್ಯಾಪರೊಸ್ಕೋಪಿಗಳಲ್ಲಿ ಮೂರನೇ ಒಂದರಿಂದ ಅರ್ಧದಷ್ಟರಲ್ಲಿ ಏನೂ ಕಾಣುವುದಿಲ್ಲ. ಕರುಳು, ಮೂತ್ರಕೋಶ, ಸ್ನಾಯು, ನರದ ತೊಂದರೆ ಕ್ಯಾಮೆರಾಗೆ ಬೀಳುವಂಥದ್ದಲ್ಲ.

ಇದರ ಜೊತೆ ಇನ್ನೊಂದಿದೆ. ತಿಂಗಳುಗಟ್ಟಲೆ ನೋವಿನ ಸುದ್ದಿ ಹೊತ್ತ ನರಗಳು ಸೂಕ್ಷ್ಮವಾಗಿಬಿಡುತ್ತವೆ. ಮೊದಲು ನೋಯದಿದ್ದದ್ದೂ ನೋಯಲು ಶುರುವಾಗುತ್ತದೆ. ಗಾಯ ಮಾಗಿದ ಮೇಲೂ ನೋವು ಉಳಿಯುತ್ತದೆ. ಇದು ನರಮಂಡಲದಲ್ಲಿ ಆಗುವ ನಿಜವಾದ ಬದಲಾವಣೆ. ನಿದ್ದೆಗೆಟ್ಟರೆ, ಚಿಂತೆ ಹೆಚ್ಚಾದರೆ ನೋವೂ ಹೆಚ್ಚುತ್ತದೆ ಎಂಬುದು ನಿಜ. ಆದರೆ ನೋವು ಹೆಚ್ಚಿಸುವುದು ಬೇರೆ, ಹುಟ್ಟಿಸುವುದು ಬೇರೆ. ಈ ವ್ಯತ್ಯಾಸ ಗೊತ್ತಿಲ್ಲದೆ ಮನೆಯವರು ‘ನಾಟಕ’ ಎಂದುಬಿಡುತ್ತಾರೆ. ಆ ಮಾತಿನ ಗಾಯ ದೊಡ್ಡದು.

ಕಾರಣ ಸಿಗದಿದ್ದರೆ ಚಿಕಿತ್ಸೆ ಏನು?

ಕಾರಣ ಪೂರ್ತಿ ಸಿಗುವವರೆಗೆ ಕಾಯಬೇಕಿಲ್ಲ. ತಿಂಗಳ ಚಕ್ರದ ಜೊತೆ ಏರಿಳಿಯುವ ನೋವಿಗೆ ಹಾರ್ಮೋನ್ ಮಾತ್ರೆ ಅಥವಾ ಕಾಪರ್-ಟಿಯ ಹಾಗೇ ಗರ್ಭಕೋಶದೊಳಗೆ ಇಡುವ, ಆದರೆ ತಾಮ್ರದ ಬದಲು ಹಾರ್ಮೋನ್ ಇರುವ ಸಾಧನ ಮೂರರಿಂದ ಆರು ತಿಂಗಳು ಕೊಟ್ಟು ನೋಡುತ್ತಾರೆ. ಈ ಸಾಧನ ಹಾಕಿಸಿದ ಮೇಲೆ ಕೆಲವರಿಗೆ ಸಿಂಪಲ್ ಸಿಸ್ಟ್ ಆಗುವುದುಂಟು, ಅದೂ ಹೆಚ್ಚಾಗಿ ತಾನೇ ಹೋಗುತ್ತದೆ. ಮುಟ್ಟಿನ ನೋವಿಗೆ ಐಬುಪ್ರೊಫೆನ್, ಮೆಫೆನಮಿಕ್ ಆಸಿಡ್‌ನಂಥ ಮಾತ್ರೆಯನ್ನು ನೋವು ಶುರುವಾಗುತ್ತಿದ್ದಂತೆ ತೆಗೆದುಕೊಂಡರೆ ಚೆನ್ನಾಗಿ ಕೆಲಸ ಮಾಡುತ್ತದೆ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ ಇದ್ದವರು ಕೇಳದೆ ತೆಗೆದುಕೊಳ್ಳಬೇಡಿ.

ಸ್ನಾಯು ಬಿಗಿತಕ್ಕೆ ಇದರಲ್ಲೇ ಪಳಗಿದ ಫಿಸಿಯೋಥೆರಪಿಸ್ಟ್ ಬೇಕು. ಇಲ್ಲಿ ಒಂದು ಎಚ್ಚರಿಕೆ. ಎಲ್ಲರೂ ಹೇಳುವ ಕೀಗಲ್ ವ್ಯಾಯಾಮ ಸ್ನಾಯು ಬಿಗಿಯುವ ವ್ಯಾಯಾಮ. ಮೊದಲೇ ಬಿಗಿದಿರುವವರಿಗೆ ಅದರಿಂದ ನೋವು ಹೆಚ್ಚಬಹುದು. ನನಗೆ ಕಲಿಸಿದ್ದು ಸಡಿಲ ಬಿಡುವುದನ್ನು: ಹೊಟ್ಟೆ ತುಂಬ ನಿಧಾನ ಉಸಿರು, ತಳದ ಸ್ನಾಯು ಇಳಿಬಿಡುವುದು. ಕೆಲವು ತಿಂಗಳು ಹಿಡಿಯಿತು, ಆದರೆ ಕೂತು ಊಟ ಮಾಡುವಂತಾದೆ.

ನರದ ನೋವಿನ ಮಾತ್ರೆಗಳಲ್ಲಿ ಗಬಾಪೆಂಟಿನ್ ತುಂಬಾ ಬರೆಯುತ್ತಾರೆ. 2020ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ, ಕಾರಣ ಕಾಣದ ಕೆಳಹೊಟ್ಟೆ ನೋವಿದ್ದ 306 ಹೆಂಗಸರ ಮೇಲೆ ಅದನ್ನು ಪರೀಕ್ಷಿಸಿದರು. ಔಷಧವಿಲ್ಲದ ಮಾತ್ರೆಗಿಂತ ಅದು ಹೆಚ್ಚೇನೂ ಮಾಡಲಿಲ್ಲ, ತಲೆಸುತ್ತು ಮಂಪರು ಮಾತ್ರ ಜಾಸ್ತಿಯಾಯಿತು. ನೀವು ತೆಗೆದುಕೊಳ್ಳುತ್ತಿದ್ದರೆ ತಟ್ಟನೆ ನಿಲ್ಲಿಸಬೇಡಿ. ಬೇರೆ ದಾರಿ ಇದೆಯಾ ಎಂದು ಡಾಕ್ಟರನ್ನು ಕೇಳಿ.

ಒಳಗಿನಿಂದ (ಯೋನಿಯ ಮೂಲಕ) ಮಾಡುವ ಸ್ಕ್ಯಾನ್ ಅಂದರೆ ಭಯ. ಮಾಡಿಸಲೇಬೇಕಾ?

ಅಂಡಾಶಯ ಅದರಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಆದರೆ ಬೇಡ ಎನ್ನಬಹುದು. ಮೂತ್ರಕೋಶ ತುಂಬಿಸಿಕೊಂಡು ಹೊಟ್ಟೆಯ ಮೇಲಿನಿಂದಲೂ ಮಾಡುತ್ತಾರೆ. ನೋವಾದರೆ ‘ನಿಲ್ಲಿಸಿ’ ಎಂದ ತಕ್ಷಣ ಅವರು ನಿಲ್ಲಿಸಬೇಕು.

ಡಾಕ್ಟರ್ ಹತ್ತಿರ ಹೋಗುವಾಗ ಏನು ತೆಗೆದುಕೊಂಡು ಹೋಗಲಿ?

ಎರಡು ಮೂರು ತಿಂಗಳ ನೋವಿನ ಲೆಕ್ಕ. ಯಾವ ದಿನ, ಮುಟ್ಟಿನ ಎಷ್ಟನೇ ದಿನ, ಎಲ್ಲಿ, 10ಕ್ಕೆ ಎಷ್ಟು, ಏನು ಮಾಡುವಾಗ ಬಂತು, ಏನು ಮಾಡಿದರೆ ಇಳಿಯಿತು. ಊಟ, ಮಲ, ಮೂತ್ರ, ಸಂಪರ್ಕ ಎಲ್ಲವನ್ನೂ ಬರೆಯಿರಿ, ಸಂಕೋಚ ಬೇಡ. ಹಳೆಯ ಸ್ಕ್ಯಾನ್ ರಿಪೋರ್ಟ್‌ಗಳನ್ನು ತಾರೀಕಿನ ಪ್ರಕಾರ ಜೋಡಿಸಿ. ಅಳತೆ ಏರಿದೆಯೋ ಇಳಿದಿದೆಯೋ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

‘ತುಂಬಾ ನೋವು’ ಎನ್ನುವುದಕ್ಕಿಂತ ‘ತಿಂಗಳಲ್ಲಿ ನಾಲ್ಕು ದಿನ ಕೆಲಸಕ್ಕೆ ಹೋಗಲು ಆಗುತ್ತಿಲ್ಲ, ರಾತ್ರಿ ಮೂರು ಸಲ ಎಚ್ಚರವಾಗುತ್ತದೆ’ ಎಂದು ಹೇಳಿ. ಅದು ಡಾಕ್ಟರಿಗೆ ಬೇಗ ಮುಟ್ಟುತ್ತದೆ. ಈ ಮೂರು ಪ್ರಶ್ನೆ ಚೀಟಿಯಲ್ಲಿ ಬರೆದುಕೊಂಡು ಹೋಗಿ: ಈ ಸಿಸ್ಟ್ ಯಾವ ಬಗೆಯದು? ನನ್ನ ನೋವಿಗೆ ಇದೇ ಕಾರಣ ಎಂದು ಯಾಕೆ ಅನ್ನಿಸುತ್ತದೆ? ಸಿಸ್ಟ್ ಹೋದ ಮೇಲೂ ನೋವು ಉಳಿದರೆ ಮುಂದೇನು ನೋಡುತ್ತೀರಿ? ಮೂರನೆಯದಕ್ಕೆ ಉತ್ತರ ಸಿಗದಿದ್ದರೆ ಇನ್ನೊಬ್ಬ ಡಾಕ್ಟರನ್ನು ಕಾಣುವುದರಲ್ಲಿ ತಪ್ಪಿಲ್ಲ. ನನಗೆ ಉತ್ತರ ಕೊಟ್ಟವರು ನಾಲ್ಕನೆಯವರು.